ಸೈಜ್ ಜೀರೋ ಅಂದರೆ ನಿಜಕ್ಕೂ ಏನು?

ನಮ್ಮ ಕಡೆ ಇದಕ್ಕೆ ‘ಜೀರೋ ಫಿಗರ್’ ಅನ್ನೋದೇ ಜಾಸ್ತಿ. 2008ರಲ್ಲಿ ‘ತಶನ್’ ಅನ್ನೋ ಹಿಂದಿ ಸಿನಿಮಾಗೆ ಕರೀನಾ ಕಪೂರ್ ತೂಕ ಇಳಿಸಿಕೊಂಡಾಗ ಪೇಪರ್, ಟಿವಿ ತುಂಬ ಇದೇ ಸುದ್ದಿ. ಸಿನಿಮಾ ಓಡಲಿಲ್ಲ, ಪದ ಚೆನ್ನಾಗಿ ಓಡಿತು. ಆಮೇಲೆ ಸ್ವಲ್ಪ ಸಪೂರ ಇರುವ ಹುಡುಗಿ ಕಂಡರೂ ಸಾಕು, ಜೀರೋ ಫಿಗರ್ ಅಂದುಬಿಡುತ್ತಾರೆ. ಅಸಲಿಗೆ ಇದು ಅಮೆರಿಕದ ರೆಡಿಮೇಡ್ ಬಟ್ಟೆಗಳ ಲೇಬಲ್ ಮೇಲಿರುವ ಒಂದು ನಂಬರ್, ಅಷ್ಟೇ.

ಅಲ್ಲಿ ಹೆಂಗಸರ ಬಟ್ಟೆಯ ಸೈಜು 0, 2, 4, 6 ಅಂತ ಎರಡೆರಡು ಏರುತ್ತಾ ಹೋಗುತ್ತದೆ. ಅದೇ ಸೊನ್ನೆಗೆ ಬ್ರಿಟನ್‌ನಲ್ಲಿ 4 ಅಂತಾರೆ, ಫ್ರಾನ್ಸ್‌ನಲ್ಲಿ 32. ಸೊಂಟ ಹೆಚ್ಚು ಕಡಿಮೆ 23ರಿಂದ 25 ಇಂಚು, ಅದೂ ಕಂಪನಿಯಿಂದ ಕಂಪನಿಗೆ ಬೇರೆ. ಮೊದಲು ಈ ಸೊನ್ನೆ ಇರಲೇ ಇಲ್ಲ. 1958ರಲ್ಲಿ ಅಮೆರಿಕ ಸರ್ಕಾರ ಹೊರಡಿಸಿದ ಅಳತೆ ಪಟ್ಟಿಯಲ್ಲಿ ಅತಿ ಚಿಕ್ಕ ಸೈಜು 8, ಅದರ ಎದೆ 31 ಇಂಚು, ಸೊಂಟ ಇಪ್ಪತ್ತಮೂರುವರೆ. ಅಂದರೆ ಆಗಿನ 8 ಮತ್ತು ಈಗಿನ 0 ಹತ್ತಿರ ಹತ್ತಿರ ಒಂದೇ! ಚಿಕ್ಕ ನಂಬರ್ ನೋಡಿದರೆ ಗಿರಾಕಿಗೆ ಖುಷಿ ಅಲ್ವಾ, ಹಾಗಾಗಿ ಕಂಪನಿಗಳು ಅದೇ ಅಳತೆಯ ಬಟ್ಟೆಗೆ ವರ್ಷ ಕಳೆದಂತೆ ಚಿಕ್ಕ ಚಿಕ್ಕ ನಂಬರ್ ಹಾಕುತ್ತಾ ಬಂದವು, ಸರ್ಕಾರವೂ 1983ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟಿತು, ಈಗಂತೂ ಸೊನ್ನೆಯೂ ಸಾಲದೆ ಡಬಲ್ ಸೊನ್ನೆ ಬಂದಿದೆ. ಈ ಚಾಳಿಗೆ ವ್ಯಾನಿಟಿ ಸೈಜಿಂಗ್ ಅನ್ನುತ್ತಾರೆ. ಅಳತೆ ಬ್ಲೌಸ್ ಕೇಳಿ ಟೇಪ್ ಹಿಡಿಯುವ ನಮ್ಮ ಟೈಲರ್ ಹತ್ತಿರ ಈ ಆಟ ನಡೆಯಲ್ಲ ಬಿಡಿ.

ಸರಿ, ಮಾಡೆಲ್‌ಗಳು ಯಾಕೆ ಇದಕ್ಕೆ ಸಿಕ್ಕಿಕೊಂಡರು? ಅದಕ್ಕೆ ಸ್ಯಾಂಪಲ್ ಪೀಸ್ ಕಾರಣ. ಹೊಸ ಕಲೆಕ್ಷನ್ ಬರುವಾಗ ಡಿಸೈನರ್ ಪ್ರತಿ ಉಡುಪನ್ನೂ ಸಾಮಾನ್ಯವಾಗಿ ಒಂದೇ ಸೈಜಿನಲ್ಲಿ ಹೊಲಿಸುತ್ತಾರೆ. ಯಾರು ಹಾಕಿಕೊಂಡು ನಡೆಯುತ್ತಾರೆ ಅಂತ ಗೊತ್ತಾಗುವ ಮೊದಲೇ ಬಟ್ಟೆ ರೆಡಿ. ಶೋ ಹತ್ತಿರ ಬಂದಾಗ ಫಿಟಿಂಗ್. ಅವತ್ತು ಜಿಪ್ ಮೇಲೇರದಿದ್ದರೆ ಬಟ್ಟೆಯನ್ನು ಬಿಚ್ಚಿ ಹೊಲಿಯುವುದಕ್ಕಿಂತ ಹುಡುಗಿಯನ್ನು ಬದಲಾಯಿಸೋದು ಸುಲಭ. ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿರುತ್ತಾರೆ. ಶೋ ಮುಗಿದ ಮೇಲೆ ಅದೇ ಪೀಸ್ ಮ್ಯಾಗಜೀನ್ ಫೋಟೋಶೂಟ್‌ಗೆ ಹೋಗುತ್ತದೆ, ಅಲ್ಲೂ ಅದರೊಳಗೆ ಹಿಡಿಸುವವರೇ ಬೇಕು. ‘ತೆಳ್ಳಗಿದ್ದರೇ ಚಂದ’ ಅಂತ ಯಾರೋ ಒಬ್ಬರು ಕೂತು ತೀರ್ಮಾನ ಮಾಡಬೇಕಾಗಿಲ್ಲ, ಈ ಪದ್ಧತಿಯೇ ಆ ಕೆಲಸ ಮಾಡುತ್ತದೆ. ನನ್ನ ಪ್ರಕಾರ ಬೈಯಬೇಕಾದ್ದು ಇದನ್ನು. ಡಯೆಟ್ ಮಾಡುವ ಹುಡುಗಿಯರನ್ನು ಬೈದು ಏನು ಪ್ರಯೋಜನ?

ಇನ್ನೊಂದು ವಿಷಯ ಜನ ಮರೆಯುತ್ತಾರೆ, ಎತ್ತರ. ಐದಡಿ ಎತ್ತರದ ಸಣ್ಣ ಮೈಕಟ್ಟಿನವರಿಗೆ 24 ಇಂಚಿನ ಸೊಂಟ ಹುಟ್ಟಿನಿಂದ ಬಂದಿರಬಹುದು, ಹೊಟ್ಟೆ ತುಂಬ ಉಂಡೂ ಆರೋಗ್ಯವಾಗಿರಬಹುದು. ಅಂಥವರನ್ನು ‘ಕಡ್ಡಿ’ ಅಂತ ಆಡಿಕೊಳ್ಳೋದೂ ತಪ್ಪೇ. ಆದರೆ ರ‍್ಯಾಂಪ್ ಮೇಲೆ ಕೇಳೋದು ಐದಡಿ ಒಂಬತ್ತು, ಹತ್ತು ಇಂಚಿನವರನ್ನು. ಆ ಎತ್ತರಕ್ಕೆ ಆ ಸೊಂಟ ಬಹಳ ಕಡಿಮೆ ಜನಕ್ಕೆ ಸಹಜ, ಉಳಿದವರು ಊಟ ಬಿಡಬೇಕಾಗುತ್ತದೆ. ಹಾಗೆ ಬಿಡುತ್ತಾ ಹೋದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಪೊಟ್ಯಾಷಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು.

2006 ಈ ಮಾತು ಜೋರಾದ ವರ್ಷ. ಆಗಸ್ಟ್‌ನಲ್ಲಿ ಉರುಗ್ವೆಯ ಮಾಡೆಲ್ ಲೂಯ್ಸೆಲ್ ರಾಮೋಸ್ ಮಾಂಟೆವಿಡಿಯೋದಲ್ಲಿ ಶೋ ನಡೆಯುವಾಗಲೇ ಕುಸಿದು ತೀರಿಕೊಂಡಳು, ವಯಸ್ಸು 22. ನವೆಂಬರ್‌ನಲ್ಲಿ ಬ್ರೆಜಿಲ್‌ನ ಆನಾ ಕರೋಲಿನಾ ರೆಸ್ಟನ್, 21 ವರ್ಷ, ತೂಕ ಸುಮಾರು 40 ಕೆಜಿ. ಇವರಿಬ್ಬರ ಸಾವಿನ ನಡುವೆ, ಸೆಪ್ಟೆಂಬರ್‌ನಲ್ಲಿ, ಮ್ಯಾಡ್ರಿಡ್ ಫ್ಯಾಷನ್ ವೀಕ್ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಂಕಿ) 18ಕ್ಕಿಂತ ಕಡಿಮೆ ಇರುವವರಿಗೆ ರ‍್ಯಾಂಪ್ ಇಲ್ಲ ಅಂದಿತು.

ಬಿಎಂಐ ಲೆಕ್ಕ ಕಷ್ಟವೇನಲ್ಲ. ಕೆಜಿಯಲ್ಲಿ ತೂಕ ತಗೊಂಡು, ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 1.75 ಮೀಟರ್ ಎತ್ತರದ ಮಾಡೆಲ್ ಮ್ಯಾಡ್ರಿಡ್‌ನಲ್ಲಿ ಪಾಸಾಗಲು 55 ಕೆಜಿ ಮೇಲಿರಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ರ ಕೆಳಗಿದ್ದರೆ ಕಡಿಮೆ ತೂಕ. ಇಸ್ರೇಲ್ 2012ರಲ್ಲಿ ಆ 18.5ನ್ನೇ ಕಾನೂನಿಗೆ ತಂದಿತು. ಫ್ರಾನ್ಸ್ ಇನ್ನೂ ಯೋಚನೆ ಮಾಡಿ, ಬಿಎಂಐ ಒಂದರಿಂದಲೇ ಆರೋಗ್ಯ ಗೊತ್ತಾಗಲ್ಲ, ಮಾಂಸಖಂಡ ಎಷ್ಟು ಕೊಬ್ಬು ಎಷ್ಟು ಅಂತ ಅದು ಹೇಳಲ್ಲ ಅನ್ನೋ ವಾದವನ್ನೂ ಕೇಳಿಸಿಕೊಂಡು, ತೀರ್ಮಾನವನ್ನು ಡಾಕ್ಟರಿಗೆ ಬಿಟ್ಟಿತು. 2017ರಿಂದ ಅಲ್ಲಿ ಮಾಡೆಲ್‌ಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕು. ಜಾಹೀರಾತಿನಲ್ಲಿ ಮೈಯನ್ನು ಸಣ್ಣ ಅಥವಾ ದಪ್ಪ ಮಾಡಿ ತಿದ್ದಿದರೆ ‘ತಿದ್ದಿದ ಫೋಟೋ’ ಅಂತ ಬರೆಯಬೇಕು, ಇಲ್ಲದಿದ್ದರೆ 37,500 ಯೂರೋವರೆಗೆ ದಂಡ.

ಅದೇ ವರ್ಷ ಎಲ್‌ವಿಎಂಎಚ್ ಮತ್ತು ಕೆರಿಂಗ್, ಅಂದರೆ ಲೂಯಿ ವಿಟಾನ್, ಡಿಯೋರ್, ಗುಚ್ಚಿ ಬ್ರ್ಯಾಂಡ್‌ಗಳೆಲ್ಲ ಯಾರ ಕೈಯಲ್ಲಿವೆಯೋ ಆ ಎರಡು ದೊಡ್ಡ ಕಂಪನಿಗಳು, ಫ್ರೆಂಚ್ ಸೈಜ್ 32ರ ಮಾಡೆಲ್‌ಗಳನ್ನು ಕರೆಯುವುದಿಲ್ಲ ಅಂತ ಒಪ್ಪಿಕೊಂಡವು. 32 ಅಂದರೆ ನಮ್ಮ ಈ ಜೀರೋನೇ. ಹಾಗಂತ ರ‍್ಯಾಂಪ್ ಪೂರ್ತಿ ಬದಲಾಯ್ತು ಅಂದುಕೊಳ್ಳಬೇಡಿ, 34 ನಡೆಯುತ್ತದೆ, ಅದೂ ಅಮೆರಿಕದ ಲೆಕ್ಕದಲ್ಲಿ ಬರೀ 2.

ನಮ್ಮ ದೇಶದ ಲೆಕ್ಕವೂ ಒಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 18.7 ಮಂದಿಯ ಬಿಎಂಐ 18.5ಕ್ಕಿಂತ ಕೆಳಗಿತ್ತು. ಅವರಲ್ಲಿ ಯಾರನ್ನೂ ಜೀರೋ ಫಿಗರ್ ಅಂತ ಯಾರೂ ಹೊಗಳಲ್ಲ. ಅಪೌಷ್ಟಿಕತೆ ಅಂತ ಸರ್ಕಾರಿ ಕಡತದಲ್ಲಿ ಬರೆದುಕೊಳ್ಳುತ್ತಾರೆ.