ಮಾರ್ಚ್ ಬಿಸಿಲು ಮಾಡಿದ ಮೋಸ: ಬರ್ಗಂಡಿಯ 2021

ವೈನಿಗೆ ಹೆಸರಾದ ಫ್ರಾನ್ಸ್‌ನ ಬರ್ಗಂಡಿಯಲ್ಲಿ 2021ರ ದ್ರಾಕ್ಷಿ ಬೆಳೆ ಕೈಕೊಟ್ಟಿದ್ದಕ್ಕೆ ಎಲ್ಲರೂ ಏಪ್ರಿಲ್ ಚಳಿಯನ್ನು ಬೈಯುತ್ತಾರೆ. ನನ್ನ ಪ್ರಕಾರ ಮಾರ್ಚ್ ಬಿಸಿಲಿನ ಪಾಲೂ ಅಷ್ಟೇ ಇದೆ. ಆ ತಿಂಗಳ ಕೊನೆಯಲ್ಲಿ ಅಕಾಲದ ಸೆಖೆ ಬಂತು. ಚಳಿಗಾಲವಿಡೀ ಮಲಗಿದ್ದ ಬಳ್ಳಿಗಳು ಅದನ್ನು ನಂಬಿ ಚಿಗುರತೊಡಗಿದವು. ಒಂದು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 6ರಿಂದ 8ರ ಆಸುಪಾಸಿನ ರಾತ್ರಿಗಳಲ್ಲಿ, ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗಿಳಿಯಿತು.

ಮುಚ್ಚಿಕೊಂಡಿರುವ ಮೊಗ್ಗು ಮೈನಸ್ 15 ಡಿಗ್ರಿಯನ್ನೂ ತಾಳಿಕೊಳ್ಳುತ್ತದೆ. ಬಿಚ್ಚಿದ ಎಳೆ ಚಿಗುರಿನ ಮೈತುಂಬಾ ನೀರು. ಮೈನಸ್ 2ರ ಹೊತ್ತಿಗೆಲ್ಲ ಆ ನೀರು ಹೆಪ್ಪುಗಟ್ಟಿ ಜೀವಕೋಶಗಳು ಹಾಳಾಗುತ್ತವೆ. ಬಿಸಿಲೇರಿದ ಮೇಲೆ ನೋಡಿದರೆ ಚಿಗುರು ಸುಟ್ಟಂತೆ ಕಪ್ಪಾಗಿ ಜೋತುಬಿದ್ದಿರುತ್ತದೆ.

ಬೆಳೆಗಾರರು ಸುಮ್ನೆ ಕೂರಲಿಲ್ಲ. ಸಾಲುಗಳ ನಡುವೆ ಮೇಣ ತುಂಬಿದ ಡಬ್ಬಿಗಳನ್ನಿಟ್ಟು ಬೆಳಗಿನ ಜಾವದವರೆಗೆ ಉರಿಸಿದರು. ಹೆಕ್ಟೇರಿಗೆ ಮುನ್ನೂರು, ನಾನೂರು ಡಬ್ಬಿ ಬೇಕು. ಸಿಗುವ ಲಾಭ ಎರಡೋ ಮೂರೋ ಡಿಗ್ರಿ. ಉತ್ತರದ ಶಾಬ್ಲಿಯಲ್ಲಿ ಕೆಲವರು ಚಿಗುರಿನ ಮೇಲೆ ನೀರನ್ನೇ ಚಿಮುಕಿಸುತ್ತಾರೆ! ನೀರು ಮಂಜುಗಡ್ಡೆಯಾಗುವಾಗ ಒಂದಿಷ್ಟು ಶಾಖ ಬಿಟ್ಟುಕೊಡುತ್ತದೆ. ಸಿಂಪಡಣೆ ನಿಲ್ಲದಿರುವವರೆಗೂ ಗಾಜಿನಂಥ ಮಂಜಿನೊಳಗಿನ ಚಿಗುರು ಸೊನ್ನೆಯ ಹತ್ತಿರವೇ ಉಳಿದು ಬದುಕಿಕೊಳ್ಳುತ್ತದೆ.

ಬಿಳಿ ವೈನಿನ ಶಾರ್ಡನೇ ಬೇಗ ಚಿಗುರುವ ತಳಿ. ಹಾಗಾಗಿ ಪೆಟ್ಟು ಅದಕ್ಕೇ ಜಾಸ್ತಿ. ಕೆಂಪು ವೈನಿನ ಪಿನೊ ನ್ವಾರ್ ಸ್ವಲ್ಪ ತಡವಾಗಿ ಕಣ್ಣುಬಿಟ್ಟಿದ್ದರಿಂದ ಅಷ್ಟಿಷ್ಟು ಉಳಿಯಿತು. ಆಮೇಲೆ ಬಂದದ್ದು ಮಳೆಯ ಬೇಸಿಗೆ, ಜೊತೆಗೆ ಡೌನಿ ಅನ್ನುವ ಬೂಷ್ಟು ರೋಗ. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನು ಕಾಡುವುದೂ ಇದೇ ಡೌನಿ. ಅಂದ ಹಾಗೆ, ಮಲೆನಾಡಿನವರು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಮೊದಲು ಹೆಸರು ಮಾಡಿದ್ದು 1880ರ ದಶಕದ ಫ್ರಾನ್ಸ್‌ನಲ್ಲಿ, ದ್ರಾಕ್ಷಿಯ ಇದೇ ಡೌನಿಯ ವಿರುದ್ಧ.

2020ರಲ್ಲಿ ಆಗಸ್ಟ್‌ನಲ್ಲೇ ಕೊಯ್ಲು ಶುರುವಾಗಿತ್ತು. 2021ರಲ್ಲಿ ಸೆಪ್ಟೆಂಬರ್ ದ್ವಿತೀಯಾರ್ಧದವರೆಗೆ ಕಾಯಬೇಕಾಯಿತು. ಬಿಸಿಲು ಕಡಿಮೆಯಾದರೆ ಹಣ್ಣಿನಲ್ಲಿ ಸಕ್ಕರೆ ಕಡಿಮೆ, ವೈನಿನಲ್ಲಿ ಆಲ್ಕೋಹಾಲೂ ಕಡಿಮೆ. ಇಂಥ ವರ್ಷ ಹುಳಿಯುವ ರಸಕ್ಕೆ ಒಂದಿಷ್ಟು ಸಕ್ಕರೆ ಸೇರಿಸಲು ಅಲ್ಲಿ ಕಾನೂನಿನ ಒಪ್ಪಿಗೆಯಿದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇಕಡಾ 1ರಷ್ಟು ಆಲ್ಕೋಹಾಲ್ ಏರುತ್ತದೆ. ಇನ್ನು ಹುಳಿ: ಸೆಖೆಯಲ್ಲಿ ಹಣ್ಣು ತನ್ನ ಮ್ಯಾಲಿಕ್ ಆಮ್ಲವನ್ನು ತಾನೇ ಉರಿಸಿಬಿಡುತ್ತದೆ. ತಂಪಿದ್ದರೆ ಅದು ಹಾಗೇ ಉಳಿಯುತ್ತದೆ. ಮುಂದೆ ಪೀಪಾಯಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ.

ಪಿನೊ ನ್ವಾರ್‌ನ ರಸಕ್ಕೆ ಬಣ್ಣವೇ ಇಲ್ಲ. ಬಣ್ಣವೆಲ್ಲ ಸಿಪ್ಪೆಯದು, ಆ ಸಿಪ್ಪೆಯೋ ತೆಳು. ಹೀಗಾಗಿ ಬಿಸಿಲು ಕಡಿಮೆಯಿದ್ದ 2021ರ ಕೆಂಪು ಬರ್ಗಂಡಿ ಲೋಟದಾಚೆಯ ಬೆರಳು ಕಾಣುವಷ್ಟು ತಿಳಿ. ಕೆಂಪು ಚೆರ್ರಿಯ ಪರಿಮಳ, ನಾಲಿಗೆ ಚುರುಕಾಗಿಸುವ ಹುಳಿ. ಬಣ್ಣ ದಟ್ಟವಾಗಿದ್ದರೇ ಒಳ್ಳೆಯ ವೈನ್ ಅನ್ನುವವರಿಗೆ ಇದು ಹಿಡಿಸದು. ಬಿಸಿ ವರ್ಷಗಳ ಭಾರದ ವೈನಿಗಿಂತ ಇದೇ ಬರ್ಗಂಡಿಯ ನಿಜವಾದ ಗುಣಕ್ಕೆ ಹತ್ತಿರ ಅಂತ ವಾದಿಸುವವರೂ ಇದ್ದಾರೆ. ನಾನು ಅವರ ಪಕ್ಷ.

ಬರ್ಗಂಡಿಯ ಬೋನ್ ಪಟ್ಟಣದಲ್ಲಿ 1354ರಿಂದಲೂ ಕೊಯ್ಲಿನ ದಿನಗಳ ಲೆಕ್ಕ ಸಿಗುತ್ತದೆ. 1988ರಿಂದೀಚೆಗೆ ಕೊಯ್ಲು ಅದಕ್ಕೂ ಹಿಂದಿನ ಕಾಲಕ್ಕಿಂತ ಸರಾಸರಿ 13 ದಿನ ಮುಂಚೆ ಬಂದಿದೆ. ಚಿಗುರೂ ಹಾಗೇ ಬೇಗ ಬರುತ್ತಿದೆ. ಏಪ್ರಿಲ್‌ನ ಹಿಮ ಮಾತ್ರ ಪೂರ್ತಿ ಹೋಗಿಲ್ಲ. ಅದಕ್ಕೇ ಕೆಲವರು ಈಗ ಬಳ್ಳಿಗೆ ಕತ್ತರಿ ಹಾಕುವುದನ್ನು ಮಾರ್ಚ್ ಕೊನೆಗೆ ತಳ್ಳುತ್ತಾರೆ. ತಡವಾಗಿ ಕತ್ತರಿಸಿದ ಬಳ್ಳಿ ಕೆಲವು ದಿನ ತಡವಾಗಿ ಚಿಗುರುತ್ತದೆ. ಆದರೆ ಇಡೀ ತೋಟಕ್ಕೆ ಅಷ್ಟು ಕಡಿಮೆ ದಿನಗಳಲ್ಲಿ ಕತ್ತರಿ ಹಾಕಲು ಆಳುಗಳು ಸಿಗಬೇಕಲ್ವಾ?