ಗೋ-ಕಾರ್ಟ್ ಎಂಜಿನ್ ಕೈಕೊಟ್ಟಾಗ ಮೊದಲು ಎಲ್ಲಿ ನೋಡಬೇಕು?

ನಮ್ಮ ಕಾರ್ಟ್‌ಗೆ ಕೂರಿಸಿರುವುದು ಹೋಂಡಾ ಜಿಎಕ್ಸ್200. 196 ಸಿಸಿ, ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಜಾತಿ. ಪಂಪ್‌ಸೆಟ್‌ಗಳಲ್ಲಿ ಇಂಥದ್ದನ್ನು ನೋಡಿಯೇ ಇರುತ್ತೀರಿ. ಇದು ಒಂದು ಕಡೆ ನಿಂತು ಕೆಲಸ ಮಾಡಲು ಹುಟ್ಟಿದ ಎಂಜಿನ್, ನಾವು ಅದನ್ನು ಪೈಪ್ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಬಿಗಿದು ಗುಂಡಿ, ದಿಬ್ಬ, ಧೂಳಲ್ಲಿ ಕುಣಿಸುತ್ತೇವೆ. ಹಾಗಾಗಿ ಕೈಕೊಟ್ಟಾಗ ಎಂಜಿನ್ ಬಿಚ್ಚುವ ಮೊದಲು ನಾವು ಜೋಡಿಸಿದ್ದನ್ನು ನೋಡಬೇಕು. ನನಗೆ ಈ ಬುದ್ಧಿ ಬಂದಿದ್ದು ಎರಡು ದಿನ ಹಾಳಾದ ಮೇಲೆ.

ಗುಂಡಿ ಹಾರಿಸಿದಾಗಲೆಲ್ಲ ಎಂಜಿನ್ ಟಪ್ ಅಂತ ಆಫ್ ಆಗುತ್ತಿತ್ತು. ಹಗ್ಗ ಎಳೆದರೆ ಮತ್ತೆ ಸ್ಟಾರ್ಟ್. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಎರಡು ಸಲ ಬಿಚ್ಚಿದೆವು, ಹೊಸ ಪ್ಲಗ್ ಹಾಕಿದೆವು, ಪೆಟ್ರೋಲ್ ಬದಲಾಯಿಸಿದೆವು. ಕೊನೆಗೆ ಸೀಟಿನ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ, ಕಿಲ್ ಸ್ವಿಚ್ಚಿನ (ಎಂಜಿನ್ ಆಫ್ ಮಾಡುವ ಸ್ವಿಚ್) ವೈರ್ ವೆಲ್ಡಿಂಗ್ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದುಕೊಂಡು, ಅಕ್ಕಿಕಾಳಿನಷ್ಟು ತಾಮ್ರ ಹೊಳೆಯುತ್ತಿತ್ತು. ಈ ಎಂಜಿನ್ ಆಫ್ ಮಾಡುವುದೆಂದರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ನಿಂದ ಬರುವ ಆ ವೈರನ್ನು ಎಂಜಿನ್‌ನ ಲೋಹದ ಮೈಗೆ ತಾಗಿಸುವುದು, ಅಷ್ಟೇ. ಪ್ರತಿ ಗುಂಡಿಯಲ್ಲೂ ನಮ್ಮ ಚಾಸಿಯೇ ಆ ಕೆಲಸ ಮಾಡುತ್ತಿತ್ತು!

ಸ್ಪಾರ್ಕ್ ನೋಡುವ ಕ್ರಮ ಹೀಗೆ. ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ ಅದರ ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್‌ನ ಥ್ರೆಡ್ ಇರುವ ಭಾಗ ಎಂಜಿನ್ ಲೋಹಕ್ಕೆ ತಾಗುವಂತೆ ಹಿಡಿದು ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಕಿಡಿ ಇಲ್ಲದಿದ್ದರೆ ಕಿಲ್ ವೈರ್ ಕಳಚಿ ಇನ್ನೊಮ್ಮೆ ನೋಡಿ. ಈಗ ಬಂತಾ? ಹಾಗಾದರೆ ಕಾಯಿಲ್ ಸರಿಯಿದೆ, ತಪ್ಪು ವೈರಿಂಗ್‌ನದು. ಪ್ಲಗ್ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, 0.7ರಿಂದ 0.8 ಮಿ.ಮೀ. ಇರಬೇಕು.

ಏರಿನಲ್ಲಿ ಮಾತ್ರ ನಿಂತು, ಸಮತಟ್ಟಿಗೆ ಬಂದ ಮೇಲೆ ಸುಮ್ನೆ ಸ್ಟಾರ್ಟ್ ಆದರೆ ಅನುಮಾನ ಆಯಿಲ್ ಸೆನ್ಸರ್ ಮೇಲೆ. ಎಂಜಿನ್ ವಾಲಿದಾಗ ಆಯಿಲ್ ಒಂದು ಕಡೆ ಸರಿಯುತ್ತದೆ, ಸೆನ್ಸರ್ ಆಯಿಲ್ ಮುಗಿಯಿತು ಅಂದುಕೊಂಡು ಸ್ಪಾರ್ಕ್ ಕಟ್ ಮಾಡುತ್ತದೆ. ಮೊದಲು ಆಯಿಲ್ ಪೂರ್ತಿ ಮಟ್ಟಕ್ಕಿದೆಯಾ ನೋಡಿ, ಇದಕ್ಕೆ ಹಿಡಿಸುವುದೇ ಸುಮಾರು 0.6 ಲೀಟರ್. ಕೆಲವರು ಸೆನ್ಸರ್ ವೈರನ್ನೇ ಕಿತ್ತುಬಿಡುತ್ತಾರೆ. ನನಗೆ ಅದು ಇಷ್ಟವಿಲ್ಲ.

ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಉಸಿರುಗಟ್ಟಿದ ಹಾಗೆ ನಿಂತರೆ, ತಕ್ಷಣ ಟ್ಯಾಂಕ್ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿ ತೂತು ಮಣ್ಣಿನಿಂದ ಮುಚ್ಚಿದೆ. ಇನ್ನೊಂದು, ಟ್ಯಾಂಕನ್ನು ಸೀಟಿನ ಕೆಳಗೆ ಇಟ್ಟವರು ಗಮನಿಸಿ: ಪೆಟ್ರೋಲ್ ಇಲ್ಲಿ ಬರುವುದು ಮೇಲಿನಿಂದ ಕೆಳಕ್ಕೆ ಇಳಿದು. ಟ್ಯಾಂಕ್ ಕಾರ್ಬುರೇಟರ್‌ಗಿಂತ ಕೆಳಗಿದ್ದರೆ ಪಂಪ್ ಬೇಕೇ ಬೇಕು.

ಚೋಕ್ ಹಾಕಿದರೆ ಓಡುತ್ತದೆ, ತೆಗೆದರೆ ಸಾಯುತ್ತದೆ ಅನ್ನುವುದು ಎಲ್ಲರಿಗೂ ಬರುವ ಕಾಯಿಲೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಎಂದು ಅರ್ಥ. ಒಂದೋ ಜೆಟ್ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ಕಸದಿಂದ ಕಟ್ಟಿಕೊಂಡಿದೆ, ಇಲ್ಲವೇ ಕಾರ್ಬುರೇಟರ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೇರುತ್ತಿದೆ. ಕಾರ್ಟ್ ಅದುರುವ ಅದುರಿಗೆ ಅಲ್ಲಿನ ನಟ್‌ಗಳು ಸಡಿಲ ಆಗಿರುತ್ತವೆ, ಮೊದಲು ಅದನ್ನು ಬಿಗಿ ಮಾಡಿ. ಆಮೇಲೆ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ. ತಳದಲ್ಲಿ ಗುಂಡು ಗುಂಡಾಗಿ ಬೇರೆ ನಿಂತದ್ದು ನೀರು. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುವುದರಿಂದ ತೇವ ಬೇಗ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ. ಜೆಟ್ ತೂತಿಗೆ ಸೂಜಿ ಹಾಕಲೇಬೇಡಿ, ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ. ಕರೆಂಟ್ ವೈರಿನ ಒಂದು ಎಳೆ ತಾಮ್ರ ಸಾಕು. ಬೆಳಕಿಗೆ ಹಿಡಿದಾಗ ತೂತು ಪೂರ್ತಿ ದುಂಡಗೆ ಕಾಣಬೇಕು.

ಸ್ಪಾರ್ಕ್ ಇದೆ, ಪೆಟ್ರೋಲ್ ಇದೆ, ಆದರೂ ಬಿಸಿಯಾದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ವಾಲ್ವ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ: ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿ.ಮೀ.

ಎಂಜಿನ್ ಭರ್ರ್ ಅನ್ನುತ್ತದೆ, ಗಾಡಿ ಮಾತ್ರ ಎಳೆಯಲ್ಲ ಅಂದರೆ ಅದು ಎಂಜಿನ್ ತಪ್ಪೇ ಅಲ್ಲ, ಕ್ಲಚ್‌ನದು. ಮುಟ್ಟಬೇಡಿ, ಸುಡುತ್ತದೆ. ಬಣ್ಣ ನೀಲಿಗೆ ತಿರುಗಿದ್ದರೆ ಜಾರಿ ಜಾರಿ ಬೆಂದಿದೆ. ಇದಕ್ಕೆ ಎಂಜಿನ್ ವೇಗಕ್ಕೆ ಮಿತಿ ಹಾಕುವ ಗವರ್ನರ್ ಕಿತ್ತು ಸ್ಪೀಡ್ ಏರಿಸಲು ಹೊರಡಬೇಡಿ. ಸುಮಾರು 3600 ಆರ್‌ಪಿಎಂಗೆ ಮಾಡಿದ ಎಂಜಿನ್ ಅದು, ಮಿತಿಮೀರಿ ತಿರುಗಿದರೆ ಅದರ ಭಾರದ ಚಕ್ರ, ಫ್ಲೈವೀಲ್, ಒಡೆದು ಚೂರು ಹಾರಬಹುದು, ನಿಮ್ಮ ಬೆನ್ನು ಅದರ ಮುಂದೆಯೇ ಇರುತ್ತದಲ್ವಾ?

ಕಾರ್ಟ್ ಪಲ್ಟಿ ಹೊಡೆದ ಮೇಲೆ ಹಗ್ಗ ಕಲ್ಲಿಗೆ ಕಟ್ಟಿದ ಹಾಗೆ ಅಲ್ಲಾಡದಿದ್ದರೆ ಜೋರು ಮಾಡಿ ಎಳೆಯಬೇಡಿ. ಆಯಿಲ್ ಪಿಸ್ಟನ್ ಮೇಲೆ ಬಂದು ಕೂತಿರಬಹುದು. ಪ್ಲಗ್ ಬಿಚ್ಚಿ, ತೂತಿನ ಮೇಲೆ ಬಟ್ಟೆ ಹಾಕಿ, ಮೆಲ್ಲಗೆ ನಾಲ್ಕೈದು ಸಲ ಎಳೆಯಿರಿ. ಆಯಿಲ್ ಪಿಚಕ್ ಅಂತ ಹೊರಗೆ ಬರುತ್ತದೆ. ಪ್ಲಗ್ ಒರೆಸಿ, ಏರ್ ಫಿಲ್ಟರ್‌ಗೂ ಆಯಿಲ್ ಹತ್ತಿದೆಯಾ ನೋಡಿ, ಕಡಿಮೆಯಾದಷ್ಟು ತುಂಬಿಸಿ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ದಟ್ಟ ಹೊಗೆ ಬರುತ್ತದೆ, ಗಾಬರಿಯಾಗಬೇಡಿ.