ಇವತ್ತಿನ ಆಟಗಾರನೋ, ನಾಳೆಯ ಹುಡುಗನೋ?

1991ರಲ್ಲಿ ಕ್ವಿಬೆಕ್ ನಾರ್ಡಿಕ್ಸ್ ಎಂಬ ಐಸ್ ಹಾಕಿ ತಂಡ ಎರಿಕ್ ಲಿಂಡ್ರೋಸ್ ಎಂಬ ಹುಡುಗನನ್ನು ಆ ವರ್ಷದ ಮೊದಲ ಆಯ್ಕೆಯಾಗಿ ಆರಿಸಿಕೊಂಡಿತು. ಹುಡುಗ 'ನಿಮ್ಮ ತಂಡಕ್ಕೆ ಆಡಲ್ಲ' ಎಂದುಬಿಟ್ಟ. ಒಂದು ವರ್ಷ ಕಾದು, 1992ರಲ್ಲಿ ತಂಡ ಅವನನ್ನು ಫಿಲಡೆಲ್ಫಿಯಾ ಫ್ಲಯರ್ಸ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಸಿಕ್ಕಿದ್ದು ಪೀಟರ್ ಫೋರ್ಸ್‌ಬರ್ಗ್ ಸೇರಿ ಆರು ಆಟಗಾರರು, ಮೊದಲ ಸುತ್ತಿನ ಎರಡು ಪಿಕ್ (ಹೊಸ ಹುಡುಗರನ್ನು ಆರಿಸುವ ಸರದಿ), ಜೊತೆಗೆ 1.5 ಕೋಟಿ ಡಾಲರ್!

ಇದು ನಮ್ಮ ಕೊಡಗಿನ ಹಾಕಿಯಲ್ಲ, ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್. ಐಪಿಎಲ್‌ನ ಹಾಗೆ ಇಲ್ಲಿ ಹರಾಜಿಲ್ಲ. ಈಗಿರುವ 32 ತಂಡಗಳು ವರ್ಷಕ್ಕೊಮ್ಮೆ, ಏಳು ಸುತ್ತುಗಳಲ್ಲಿ, ಸರದಿ ಪ್ರಕಾರ 18ರ ಆಸುಪಾಸಿನ ಹುಡುಗರನ್ನು ಆರಿಸುತ್ತವೆ. ಇದೇ ಡ್ರಾಫ್ಟ್. ಸೋತ ತಂಡಕ್ಕೆ ಎಲ್ಲರಿಗಿಂತ ಮೊದಲಿನ ಸರದಿ ಸಿಗುವ ಸಾಧ್ಯತೆ ಜಾಸ್ತಿ. ಮಜಾ ಏನೆಂದರೆ, ಆ ಸರದಿಯನ್ನೇ ಕೊಟ್ಟು ಇವತ್ತು ಗೋಲು ಹೊಡೆಯುವವನನ್ನು ತರಬಹುದು.

ಹಾಗಾದರೆ ಒಂದು ಪಿಕ್‌ನ ಬೆಲೆ ಎಷ್ಟು? ಹಳೆಯ ಡ್ರಾಫ್ಟ್‌ಗಳ ಲೆಕ್ಕ ಹಾಕಿದರೆ ಬರುವ ಗೆರೆ ಘಾಟಿ ಇಳಿದು ಕರಾವಳಿ ಸೇರುವ ರಸ್ತೆಯ ಹಾಗಿದೆ. ಮೊದಲ ಕೆಲವು ಸರದಿಗಳಲ್ಲಿ ಕಡಿದಾದ ಇಳಿಜಾರು, ಆಮೇಲೆ ಬಯಲು. 1ಕ್ಕೂ 10ಕ್ಕೂ ಭಾರೀ ಅಂತರ, 150ಕ್ಕೂ 160ಕ್ಕೂ ಏನೂ ಇಲ್ಲ ಅನ್ನಬಹುದು. ಡೆಟ್ರಾಯಿಟ್ ತಂಡ 1998ರಲ್ಲಿ 171ನೆಯವನಾಗಿ ಪಾವೆಲ್ ದಾತ್ಸುಕ್‌ನನ್ನು, ಮರುವರ್ಷ 210ನೆಯವನಾಗಿ ಹೆನ್ರಿಕ್ ಜೆಟರ್‌ಬರ್ಗ್‌ನನ್ನು ಹಿಡಿಯಿತು. ಇಬ್ಬರೂ ದೊಡ್ಡ ತಾರೆಗಳಾದರು. ಜಾಣತನ ಅಂತಾರೆ. ನಿಜವಾಗಿ ಗೊತ್ತಿದ್ದರೆ ಅಷ್ಟು ಹೊತ್ತು ಕಾಯುತ್ತಿದ್ದರಾ?

ಊಹೆ ತಪ್ಪಲು ಹುಟ್ಟಿದ ತಿಂಗಳೂ ಒಂದು ಕಾರಣ. ಕೆನಡಾದಲ್ಲಿ ಮಕ್ಕಳ ಹಾಕಿಯ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಎಳೆ ವಯಸ್ಸಿನಲ್ಲಿ ಅದು ಪ್ರತಿಭೆಯ ಹಾಗೇ ಕಾಣುತ್ತದೆ. 2013ರಲ್ಲಿ ರಾಬರ್ಟ್ ಡೀನರ್ ಮತ್ತು ಸಂಗಡಿಗರು 1980ರಿಂದ 2007ರವರೆಗಿನ ಡ್ರಾಫ್ಟ್‌ಗಳನ್ನು ಜಾಲಾಡಿದರು. ವರ್ಷದ ಕೊನೆಯ ಆರು ತಿಂಗಳಲ್ಲಿ ಹುಟ್ಟಿದ ಕೆನಡಾದ ಹುಡುಗರು, ಅವರ ಆಟಕ್ಕೆ ತಕ್ಕ ಸರದಿಗಿಂತ ಸರಾಸರಿ 40ಕ್ಕೂ ಹೆಚ್ಚು ಸ್ಥಾನ ಹಿಂದೆ ಆಯ್ಕೆಯಾಗಿದ್ದರು. ಇಷ್ಟು ದುಡ್ಡು ಸುರಿಯುವವರ ಕಣ್ಣೂ ಹೀಗೆ ಮೋಸ ಹೋಗುತ್ತದೆ, ಅಲ್ವಾ?

ಹಾಗಂತ ಪಿಕ್ ಎಲ್ಲಾ ಮಾರಿಬಿಟ್ಟರೆ? 2005ರಿಂದ ತಂಡದ ಒಟ್ಟು ಸಂಬಳಕ್ಕೆ ಮಿತಿಯಿದೆ. ಹುಡುಗರ ಮೊದಲ ಒಪ್ಪಂದ ಅಗ್ಗ. ಅವರಿದ್ದರೆ ಮಾತ್ರ ತಾರೆಗಳಿಗೆ ದುಡ್ಡು ಉಳಿಯುತ್ತದೆ.

ವೇಗಸ್ ಗೋಲ್ಡನ್ ನೈಟ್ಸ್ ತಂಡ ಮಾತ್ರ ಕಾಯುವ ಗೋಜಿಗೇ ಹೋಗಲಿಲ್ಲ. 2017ರ ಮೊದಲ ಸುತ್ತಿನಲ್ಲಿ ಆರಿಸಿದ ಮೂವರನ್ನೂ ಕೆಲವೇ ವರ್ಷಗಳಲ್ಲಿ ಕೊಟ್ಟುಬಿಟ್ಟಿತು. ಒಬ್ಬನ ಬದಲಿಗೆ ಬಂದ ಮಾರ್ಕ್ ಸ್ಟೋನ್ ನಾಯಕನಾದ. 2023ರಲ್ಲಿ ತಂಡ ಲೀಗ್‌ನ ಸ್ಟಾನ್ಲಿ ಕಪ್ ಗೆದ್ದ ಕೊನೆಯ ಪಂದ್ಯದಲ್ಲಿ ಮೂರು ಗೋಲು ಹೊಡೆದ. ಇನ್ನೊಬ್ಬ, ನಿಕ್ ಸುಜುಕಿ, ಮಾಂಟ್ರಿಯಲ್‌ಗೆ ಹೋಗಿ ಅಲ್ಲಿ ನಾಯಕನಾದ. ಯಾರಿಗೆ ನಷ್ಟ ಹೇಳಿ?

ಇತ್ತ ಕ್ವಿಬೆಕ್ ತಂಡ ಲಿಂಡ್ರೋಸ್‌ಗೆ ಬದಲಾಗಿ ಸಿಕ್ಕ ಒಂದು ಪಿಕ್‌ನಲ್ಲಿ ಜೋಸ್ಲಿನ್ ಟಿಬೋ ಎಂಬ ಗೋಲ್‌ಕೀಪರ್‌ನನ್ನು ಆರಿಸಿತ್ತು. 1995ರ ಕೊನೆಯಲ್ಲಿ ಅವನನ್ನೂ ಇನ್ನಿಬ್ಬರನ್ನೂ ಕೊಟ್ಟು ಪ್ಯಾಟ್ರಿಕ್ ರುವಾ ಎಂಬ ಮಹಾ ಗೋಲ್‌ಕೀಪರ್‌ನನ್ನು ತಂದಿತು. 1996ರಲ್ಲಿ ಕಪ್ ಗೆದ್ದಿತು. ಆದರೆ ಅಷ್ಟರಲ್ಲಿ ತಂಡ ಊರನ್ನೇ ಬಿಟ್ಟು ಡೆನ್ವರ್‌ಗೆ ಹೋಗಿ ಕೊಲೊರಾಡೊ ಅವಲಾಂಚ್ ಆಗಿತ್ತು.